ಡಬ್ಬಿಯ ಹದಿನೈದು ದಿನ

ಗುರುವಾರ ಬೆಳಿಗ್ಗೆ ಹನ್ನೊಂದು ಗಂಟೆ ಎಂಟು ನಿಮಿಷಕ್ಕೆ ನಾಗವೇಣಿ ಪತ್ತಾರ ಹಳೆಯ ಡಿಸ್ಕನ್ನು ಅಳಿಸುವ ಯಂತ್ರಕ್ಕೆ ಸೇರಿಸಿ ಗುಂಡಿ ಒತ್ತಿದಳು. ಹನ್ನೊಂದು ಮೂವತ್ತನಾಲ್ಕಕ್ಕೆ ಯಂತ್ರವನ್ನು ನಿಲ್ಲಿಸಿದಳು. ಆ ಇಪ್ಪತ್ತಾರು ನಿಮಿಷಗಳಲ್ಲಿ ಡಿಸ್ಕಿನ ಶೇಕಡಾ ಹನ್ನೊಂದು ಭಾಗ ಅಳಿದುಹೋಗಿತ್ತು.

ಡಿಸ್ಕು ಕಸ್ತೂರೆವ್ವ ಅಂಗಡಿ ಎಂಬುವರದು. ಹಳೇ ಹುಬ್ಬಳ್ಳಿಯಲ್ಲಿ ಖಾನಾವಳಿ ನಡೆಸುವ ಅವರಿಗೆ ನಲವತ್ತೆಂಟು ವರ್ಷ. ಒಂಬತ್ತು ವರ್ಷದ ಹಿಂದೆ ಮಿದುಳು ಜ್ವರ ಬಂದು, ಹೊಸ ನೆನಪನ್ನು ಗಟ್ಟಿಮಾಡಿ ಇಡುವ ಮಿದುಳಿನ ಚಿಕ್ಕ ಭಾಗವೊಂದು ಕೆಲಸ ನಿಲ್ಲಿಸಿತು. ಜ್ವರಕ್ಕೆ ಮುಂಚಿನದೆಲ್ಲ ನೆನಪಿತ್ತು. ಆಮೇಲಿನದು ಹತ್ತು ನಿಮಿಷಕ್ಕಿಂತ ಹೆಚ್ಚು ನಿಲ್ಲುತ್ತಿರಲಿಲ್ಲ. ಸ್ಮರಣ ಕೇಂದ್ರದವರು ಕಿವಿಯ ಹಿಂದೆ ಕೂದಲೆಳೆಯಷ್ಟು ಸಣ್ಣ ತಂತಿ ಸೇರಿಸಿ, ಸೊಂಟಕ್ಕೆ ಕಟ್ಟಿಕೊಳ್ಳಲು ಅಡಕೆ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆಯೊಂದನ್ನು ಕೊಟ್ಟರು. ಅವರು ಕಂಡದ್ದು, ಕೇಳಿದ್ದು, ಮೂಸಿದ್ದು ಎಲ್ಲವೂ ಮಿದುಳಿನ ಸಂಕೇತಗಳಾಗಿ ಅದರೊಳಗಿನ ಡಿಸ್ಕಿಗೆ ಹೋಗುತ್ತಿತ್ತು. ನೆನಪು ಮಾಡಿಕೊಂಡಾಗ ಅಲ್ಲಿಂದ ವಾಪಸು ಬರುತ್ತಿತ್ತು. ಕೇಂದ್ರದ ಕಾಗದಗಳಲ್ಲಿ ಅದರ ಹೆಸರು ಸ್ಮರಣ ಘಟಕ. ಕಸ್ತೂರೆವ್ವ ಡಬ್ಬಿ ಎನ್ನುತ್ತಿದ್ದರು. ಕ್ರಮೇಣ ಕೇಂದ್ರದವರೂ ಡಬ್ಬಿ ಎನ್ನತೊಡಗಿದರು.

ಈ ವರ್ಷ ದಸರೆಯ ಹೊತ್ತಿಗೆ ಡಿಸ್ಕು ಶೇಕಡಾ ತೊಂಬತ್ತೇಳು ತುಂಬಿತ್ತು. ಇನ್ನು ನೂರು ದಿನಕ್ಕಾಗುವಷ್ಟು ಜಾಗ ಮಾತ್ರ ಉಳಿದಿತ್ತು. ನಾಲ್ಕು ಪಟ್ಟು ದೊಡ್ಡ ಡಿಸ್ಕಿಗೆ ಹೋಗಬೇಕು. ಬರೀ ನೆನಪುಗಳನ್ನು ಎತ್ತಿ ಹಾಕಿದರೆ ಸಾಲದು. ಡಬ್ಬಿಯನ್ನು ಎಬ್ಬಿಸುವ ಮೂಲ ತಂತ್ರಾಂಶ, ನೆನಪುಗಳ ಸೂಚಿ, ಕಿವಿಯ ಹಿಂದಿನ ತಂತಿ ಗುರುತಿಸುವ ಸಹಿ, ಎಲ್ಲವೂ ಅದೇ ಡಿಸ್ಕಿನಲ್ಲಿರುವುದರಿಂದ ಇಡೀ ಡಿಸ್ಕಿನ ಪಡಿಯಚ್ಚು ತೆಗೆಯಬೇಕು. ಆ ಕೆಲಸಕ್ಕೆ ನಾಲ್ಕು ತಾಸು ಬೇಕು. ಕೆಲಸ ಮುಗಿದ ಮೇಲೆ ಹದಿನೈದು ದಿನ ಎರಡೂ ಡಿಸ್ಕುಗಳನ್ನು ಡಬ್ಬಿಯ ಎರಡು ಗೂಡುಗಳಲ್ಲಿ ಇಟ್ಟಿರುವುದು ಕೇಂದ್ರದ ಪದ್ಧತಿ. ಮೊದಲ ಗೂಡಿನಲ್ಲಿರುವುದು ನಡೆಯುತ್ತದೆ, ಎರಡನೆಯದು ಸುಮ್ಮನೆ ಕೂತಿರುತ್ತದೆ. ಹದಿನೈದನೆಯ ದಿನ ಹಳೆಯದನ್ನು ಅಳಿಸಲೇಬೇಕು. ಒಬ್ಬ ಮನುಷ್ಯನ ನೆನಪಿನ ಎರಡು ಪ್ರತಿ ಇರಕೂಡದೆಂಬುದು ಕಾನೂನು.

ಹನ್ನೊಂದು ಮೂವತ್ಮೂರಕ್ಕೆ, ಹೊಸ ಡಿಸ್ಕೊಂದನ್ನೇ ಇಟ್ಟುಕೊಂಡ ಡಬ್ಬಿ ಮಿದುಳಿನೊಂದಿಗೆ ಹೊಂದಿಕೊಂಡು ಹಸಿರು ದೀಪ ತೋರಿಸಿತು. ಕುರ್ಚಿಯಲ್ಲಿ ಒರಗಿದ್ದ ಕಸ್ತೂರೆವ್ವ ಸೆರಗು ಸರಿಪಡಿಸಿಕೊಂಡರು.

"ಮುಗೀತೇನು ತಂಗಿ? ನಾಕು ತಾಸು ಅಂದಿದ್ದಿ. ಭಾಳ ಲಗೂನ ಆತಲ್ಲ."

ನಾಗವೇಣಿ ಪ್ರತಿ ಸಲ ಕೇಳುವ ಪ್ರಶ್ನೆ ಕೇಳಿದಳು. "ನಿನ್ನಿ ಏನೇನ್ ಮಾಡಿದ್ರಿ ಕಸ್ತೂರಕ್ಕಾ?"

"ನಿನ್ನಿ ಬನ್ನಿ ಹಂಚಿದ್ವಿ. ನೀ ಬರತೇನಂದು ಬರಲೇ ಇಲ್ಲ. ನಿನ್ನ ಪಾಲಿನ ಹೋಳಗಿ ಈರಣ್ಣ ತಿಂದ."

ಬನ್ನಿ ಹಂಚಿದ್ದು ವಿಜಯದಶಮಿಯಂದು. ಅದಾಗಿ ಹದಿನಾರು ದಿನ. ಗೋಡೆಗೆ ಒರಗಿ ನಿಂತಿದ್ದ ಮಗ ಈರಣ್ಣ ಮೊಬೈಲಿನಿಂದ ತಲೆ ಎತ್ತಿದ. ನಾಗವೇಣಿ ಅವನ ಮುಖ ನೋಡಲಿಲ್ಲ. ಪಕ್ಕದ ಕೋಣೆಗೆ ಹೋಗಿ ಅಳಿಸುವ ಯಂತ್ರ ನಿಲ್ಲಿಸಿದಳು.

ತಪ್ಪು ಎಲ್ಲಾಯಿತೆಂದು ತಿಳಿಯಲು ಅವಳಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ. ನಾಗವೇಣಿಯ ಅಪ್ಪ ಬಂಗಾರದ ಕೆಲಸದವನು. ಹೊಸ ಉಪಕರಣ ತಂದರೆ ಕುಂಕುಮ ಹಚ್ಚದೆ ಕೆಲಸಕ್ಕೆ ಹಚ್ಚುತ್ತಿರಲಿಲ್ಲ. ಹನ್ನೆರಡು ವರ್ಷದ ನೌಕರಿಯಲ್ಲಿ ನಾಗವೇಣಿಯೂ ಪ್ರತಿ ಹೊಸ ಡಿಸ್ಕಿಗೆ ಚಿಟಿಕೆ ಒಣ ಕುಂಕುಮ ಹಚ್ಚಿಯೇ ಬಳಸಿದವಳು. ನೋಡಲು ಒಂದೇ ಥರ ಇರುವ ಎರಡು ಕಪ್ಪು ಡಿಸ್ಕುಗಳಲ್ಲಿ ಹೊಸದು ಯಾವುದೆಂದು ಗುರುತಿಸಲು ಅದೇ ಸಲೀಸಾಗಿತ್ತು. ಸಂಖ್ಯೆಯ ಚೀಟಿ ಇರುತ್ತಿತ್ತು, ಅಕ್ಷರ ಸಣ್ಣವು. ಈ ಸಲ ಪಡಿಯಚ್ಚಿನ ಯಂತ್ರದ ಫ್ಯಾನು ನಾಲ್ಕು ತಾಸು ಬಿಸಿಗಾಳಿ ಊದಿ ಅವಳ ಒಣ ಕುಂಕುಮವನ್ನು ಹಾರಿಸಿತ್ತು. ಹಳೆಯ ಡಿಸ್ಕಿನ ತಳಭಾಗದಲ್ಲಿ ಮಾತ್ರ ಕೆಂಪು ಬೊಟ್ಟೊಂದು ಗಟ್ಟಿಯಾಗಿ ಕೂತಿತ್ತು. ನಾಗವೇಣಿ ಬೊಟ್ಟು ನೋಡಿ, ಅದೇ ಹೊಸದೆಂದು ಮೊದಲ ಗೂಡಿಗೆ ಹಾಕಿದಳು.

ಹದಿನೈದು ದಿನ ಹಳೆಯ ಡಿಸ್ಕೇ ನಡೆಯಿತು. ಕೇಂದ್ರದ ಪರದೆ ಎರಡೂ ಗೂಡುಗಳ ಖಾಲಿ ಜಾಗವನ್ನು ಕೂಡಿಸಿ ತೋರಿಸುತ್ತಿದ್ದುದರಿಂದ ಯಾರಿಗೂ ಅನುಮಾನ ಬರಲಿಲ್ಲ. ಅಳಿಸುವಾಗ ಮಾತ್ರ ಕಾಗದದಲ್ಲಿದ್ದ ಸಂಖ್ಯೆ ನೋಡಿ ಅಳಿಸುವುದು ನಿಯಮ. ಈ ದಿನ ಅವಳು ಎರಡನ್ನೂ ಹೊರತೆಗೆದು, ಧೂಳು ಒರೆಸಿ, ಬೊಟ್ಟು ನೋಡದೆ, ನಿಯಮದಂತೆ ಸಂಖ್ಯೆ ನೋಡಿ, ಹದಿನೈದು ದಿನ ನಡೆದಿದ್ದ ಹಳೆಯದನ್ನೇ ಅಳಿಸಲು ಹಾಕಿದ್ದಳು.

ಕೇಂದ್ರದ ಮುಖ್ಯಸ್ಥೆ ಡಾ. ಜಬೀನ್ ಮುಲ್ಲಾ ಬಂದು ಎಲ್ಲವನ್ನೂ ಕೇಳಿದರು. ನಾಗವೇಣಿ ಕಸ್ತೂರೆವ್ವನ ಎದುರಿಗೇ ಹೇಳಿದಳು. "ಕುಂಕುಮದ ಬೊಟ್ಟು ನೋಡಿ ಹಳೇದನ್ನ ಹೊಸಾದಂತ ತಿಳಿದೆ. ಹದಿನೈದು ದಿವ್ಸದ ನೆನಪು ಹೊಸಾ ಡಿಸ್ಕಿನ್ಯಾಗ ಇಲ್ಲ. ತಪ್ಪು ನಂದು."

ಕಸ್ತೂರೆವ್ವ, "ಆ ಬೊಟ್ಟು ನಾನ ಹಚ್ಚಿದ್ದೆವಾ," ಎಂದರು. "ಖಂಡೆ ಪೂಜಿ ದಿನ ಈಳಗಿ, ತಕ್ಕಡಿ, ರೊಟ್ಟಿ ಹಂಚು ಎಲ್ಲಾಕ್ಕೂ ಹಚ್ಚಿದೆ. ಡಬ್ಬಿ ಒಂದ ಯಾಕ ಬಿಡಬೇಕು? ಈರಣ್ಣನ ಕಡಿಂದ ಮುಚ್ಚಳಾ ಬಿಚ್ಚಿಸಿದೆ. ಎಣ್ಣ್ಯಾಗ ಕಲಸಿ ಹಚ್ಚಿದ್ದೆ, ಉದರಬಾರದಂತ."

"ಡಬ್ಬಿ ಬಿಚ್ಚಬ್ಯಾಡ್ರಿ ಅಂತ ಒಂಬತ್ತು ವರ್ಷದಿಂದ ಹೇಳಾಕತ್ತೀನಿ," ಎಂದರು ಡಾ. ಮುಲ್ಲಾ.

"ಹೇಳಿದ್ರಿ. ನೆನಪೈತಿ." ಕಸ್ತೂರೆವ್ವ ಮಗನ ಕಡೆ ತಿರುಗಿದರು. "ಅಲ್ಲೋ, ಈ ಹದಿನೈದು ದಿವ್ಸದಾಗ ಏನೇನಾತು? ಅಕ್ಕ ಎಲ್ಲದಾಳ? ಖಾನಾವಳಿ ಯಾರ ನೋಡಾಕತ್ತಾರ?"

ಈರಣ್ಣ ಬಾಯಿ ತೆರೆದ. ಡಾ. ಮುಲ್ಲಾ ಅವನ ತೋಳು ಹಿಡಿದರು. "ಅವ್ರಿಗೆ ಹೊರಗಿಂದ ಏನೂ ಹೇಳಬ್ಯಾಡ. ಈಗ ಹೇಳಿದ್ದು ಹೊಸಾ ನೆನಪಾಗಿ ಮೊದಲ ಕುಂತಬಿಡತೈತಿ. ಆಮ್ಯಾಲೆ ಖರೇ ನೆನಪು ಬಂದ್ರ ಎರಡೂ ಕಲಸಿಹೋಗತಾವು."

ಕಾರಿಡಾರಿನಲ್ಲಿ ಈರಣ್ಣ ನಾಗವೇಣಿಗೆ ವಿಷಯ ಹೇಳಿದ. ಹೋದ ಗುರುವಾರ ದೊಡ್ಡವ್ವ ತೀರಿಕೊಂಡಿದ್ದಳು. ದೊಡ್ಡವ್ವ ಎಂದರೆ ಕಸ್ತೂರೆವ್ವನ ಅಕ್ಕ ಗುರವ್ವ. ಬೆಳಿಗ್ಗೆ ನಾಲ್ಕೂವರೆಗೆ ಎದೆ ಹಿಡಿದುಕೊಂಡು ಕೂತವಳು ಏಳಲಿಲ್ಲ.

*

ಅಳಿದುಹೋದ ಶೇಕಡಾ ಹನ್ನೊಂದು ಭಾಗದಲ್ಲಿ ಇದ್ದದ್ದು ಮೂಲ ತಂತ್ರಾಂಶ, ಸೂಚಿ ಮತ್ತು ಮೊದಲ ವರ್ಷದ ನೆನಪು. ನೆನಪು, ತಂತ್ರಾಂಶ ಎರಡೂ ಹೊಸ ಡಿಸ್ಕಿನಲ್ಲಿ ಇದ್ದವು. ಸೂಚಿಯ ಮಾತು ಬೇರೆ. ಹೊಸ ಡಿಸ್ಕಿನ ಸೂಚಿ ಪಡಿಯಚ್ಚು ತೆಗೆದ ಬುಧವಾರಕ್ಕೆ ನಿಂತಿತ್ತು. ಕೊನೆಯ ಹದಿನೈದು ದಿನದ ನೆನಪುಗಳು ಹಳೆಯ ಡಿಸ್ಕಿನ ಅಳಿಯದ ಭಾಗದಲ್ಲಿ ಹಾಗೇ ಇದ್ದವು, ಒಟ್ಟು ಇನ್ನೂರ ಹನ್ನೆರಡು ತುಣುಕು. ತುಂಬಿದ ಬಸ್ಸು ಹತ್ತಿದವರು ಸಿಕ್ಕ ಸೀಟಿನಲ್ಲಿ ಕೂರುವಂತೆ ಅವು ಖಾಲಿ ಇದ್ದಲ್ಲೆಲ್ಲ ಕೂತಿದ್ದವು. ಯಾವುದು ಯಾವ ದಿನದ್ದೆಂದು ಸೂಚಿಯಲ್ಲಿ ಮಾತ್ರ ಬರೆದಿರುತ್ತಿತ್ತು. ಜಾಗ ಉಳಿಸಲು ಡಬ್ಬಿ ತಯಾರಿಸಿದವರು ಮಾಡಿದ ಉಪಾಯ ಅದು.

ತುಣುಕುಗಳನ್ನು ಹೊಸ ಡಿಸ್ಕಿಗೆ ಸೇರಿಸುವುದು ಕಷ್ಟವಲ್ಲ. ಹಿಂದುಮುಂದಾಗಿ ಸೇರಿಸಿದರೆ ಮಾತ್ರ ಮಿದುಳು ಗೊಂದಲಕ್ಕೆ ಬೀಳುತ್ತದೆ. ಸತ್ತವರು ನೆನಪಿನಲ್ಲಿ ಮರುದಿನ ಚಹಾ ಕುಡಿಯುತ್ತಾರೆ. ಅಂಥ ಒಬ್ಬ ರೋಗಿಯನ್ನು ನಾಗವೇಣಿ ನೋಡಿದ್ದಳು. ಮರೆವೇ ಲೇಸು ಅನ್ನಿಸುವಂತಿತ್ತು. ಇನ್ನು ಆ ಸಂಕೇತಗಳು ಅವರವರ ಮಿದುಳಿಗೆ ಮಾತ್ರ ಅರ್ಥವಾಗುವಂಥವು, ಪರದೆಯ ಮೇಲೆ ಹಾಕಿ ನೋಡಲು ಬರುವುದಿಲ್ಲ.

ಹನ್ನೆರಡೂವರೆಗೆ ನಾಗವೇಣಿ ಪರೀಕ್ಷೆಗೆಂದು ಒಂದು ತುಣುಕಿನ ಮೊದಲ ಮೂರು ಸೆಕೆಂಡನ್ನು ತಂತಿಗೆ ಕಳಿಸಿದಳು.

ಕಸ್ತೂರೆವ್ವ ಕಣ್ಣು ಮುಚ್ಚಿದರು. "ಪುಂಡಿಪಲ್ಲೆ," ಎಂದರು.

"ಏನ್ ಕಾಣಿಸ್ತು?"

"ಕಾಣಸೂದೇನು, ಗ್ವಾಡಿ. ವಾಸನಿ ಪುಂಡಿಪಲ್ಲೇದು. ಅಂದ್ರ ಗುರುವಾರ. ಸೋಮವಾರ ಎಣ್ಣಿಗಾಯಿ, ಮಂಗಳವಾರ ಮಡಿಕಿಕಾಳು, ಬುಧವಾರ ಮೆಂತೆ ಬ್ಯಾಳಿ, ಗುರುವಾರ ಪುಂಡಿ, ಶುಕ್ರವಾರ ಹೆಸರಕಾಳು, ಶನಿವಾರ ಝುಣಕ, ಐತವಾರ ಹೋಳಗಿ. ನಮ್ಮಕ್ಕ ಹಾಕಿಕೊಟ್ಟ ಪಟ್ಟಿ. ಹತ್ತೊಂಬತ್ತು ವರ್ಷ ಒಂದ ವಾರಾನೂ ತಪ್ಪಿಲ್ಲ."

ಡಾ. ಮುಲ್ಲಾ ನಾಗವೇಣಿಯ ಮುಖ ನೋಡಿದರು. ವಾಸನೆ ಮಿದುಳಿಗೆ ಎಲ್ಲಕ್ಕಿಂತ ಹತ್ತಿರದ ದಾರಿಯಲ್ಲಿ ಹೋಗುತ್ತದೆಂದು ಇಬ್ಬರಿಗೂ ಪುಸ್ತಕದಿಂದ ಗೊತ್ತಿತ್ತು. ಖಾನಾವಳಿಯಲ್ಲಿ ಮಲಗಿ ಏಳುವವರಿಗೆ ದಿನದ ಎಲ್ಲ ಹೊತ್ತೂ ಅದೇ ವಾಸನೆ ಇರುತ್ತದೆಂದು ಇಬ್ಬರಿಗೂ ಹೊಳೆದಿರಲಿಲ್ಲ.

*

ಪಟ್ಟಿಯಲ್ಲಿ ಏನಾದರೂ ಬದಲಾಗಿತ್ತೇ ಎಂದು ನೋಡಲು ನಾಗವೇಣಿ ಈರಣ್ಣನ ಬೈಕಿನಲ್ಲಿ ಖಾನಾವಳಿಗೆ ಹೋದಳು. ಊಟದ ಹೊತ್ತು. ರೊಟ್ಟಿ ಬಡಿಯುವ ಸದ್ದು ಬೀದಿಗೆ ಕೇಳುತ್ತಿತ್ತು. ಬಾಗಿಲ ಪಕ್ಕದ ಕರಿಹಲಗೆಯ ಮೇಲೆ ಸುಣ್ಣದ ಕಡ್ಡಿಯಲ್ಲಿ ಪುಂಡಿಪಲ್ಯ ಎಂದು ಬರೆದಿತ್ತು. ಒಳಗೆ ಗುರವ್ವನ ಫೋಟೋಗೆ ಹಾಕಿದ ಹಾರ ಇನ್ನೂ ಪೂರ್ತಿ ಬಾಡಿರಲಿಲ್ಲ.

"ಪಟ್ಟಿ ಬದಲಾಗಿಲ್ರಿ," ಎಂದ ಈರಣ್ಣ. "ಮೂರು ದಿನ ಒಲಿ ಹಚ್ಚಿಲ್ಲ, ಅಷ್ಟ. ಗುರುವಾರ, ಶುಕ್ರವಾರ, ಶನಿವಾರ. ಐತವಾರ ಅವ್ವನ ಹಚ್ಚಿದ್ಲು."

"ಹಿಂದ ಯಾವಾಗರ ಒಲಿ ಹಚ್ಚದ ಬಿಟ್ಟಿದ್ರೇನು?"

"ಅಪ್ಪ ಸತ್ತಾಗ."

ಅಪ್ಪನೂ ಅದೇ ಮಿದುಳು ಜ್ವರದಲ್ಲಿ, ಅದೇ ವಾರ ಸತ್ತಿದ್ದ. ಕಸ್ತೂರೆವ್ವ ಆಸ್ಪತ್ರೆಯಲ್ಲಿದ್ದರು, ಡಬ್ಬಿ ಇನ್ನೂ ಬಂದಿರಲಿಲ್ಲ. ಎದ್ದಾಗಲೆಲ್ಲ ಗಂಡನನ್ನು ಕೇಳುತ್ತಿದ್ದರು.

"ನನಗ ಆಗ ಹನ್ನೊಂದು ವರ್ಷ," ಎಂದ ಈರಣ್ಣ. ಅವನು ಗಲ್ಲಾಪೆಟ್ಟಿಗೆಯ ಮೇಲಿನ ಸೋಂಪಿನ ತಟ್ಟೆಯನ್ನು ಅತ್ತಿತ್ತ ಸರಿಸುತ್ತಿದ್ದ. "ದೊಡ್ಡವ್ವಗ ಹೇಳಾಕ ಆಗತಿರಲಿಲ್ಲ, ಅಳಾಕ ಚಾಲೂ ಮಾಡತಿದ್ಲು. ನಾನ ಹೇಳತಿದ್ದೆ. ಹದಿನಾಲ್ಕು ಸರ್ತಿ ಹೇಳೀನ್ರಿ. ಪ್ರತಿ ಸರ್ತಿ ಅವ್ವಗ ಅದು ಮೊದಲನೇ ಸರ್ತಿ. ನಾ ಎಣಿಸಾಕ ಹತ್ತಿದ್ದೆ, ಅದಕ ಗೊತ್ತೈತಿ. ಹದಿನಾಲ್ಕನೇದ್ದು ಡಬ್ಬಿ ಹಾಕಿದ ಮ್ಯಾಲೆ. ಅದು ನಿಂತ್ತು."

ಈರಣ್ಣ ತಟ್ಟೆ ಸರಿಸುವುದನ್ನು ನಿಲ್ಲಿಸಿದ.

"ಹೋದ ಗುರುವಾರ ಅವ್ವ ಬಾಜೂಕ ಇದ್ಲು. ಕಣ್ಣಾರೆ ನೋಡಿದ್ಲು. ನಾ ಹೇಳೋ ಪಾಳಿ ಬರಲಿಲ್ಲಂತ..." ಅವನು ಮಾತು ಬಿಟ್ಟ. "ಕೆಟ್ಟ ಅನ್ನಿಸ್ತದ ಹೇಳಾಕ. ಆದ್ರ ಅವತ್ತ ಒಂದೀಟು ಸಮಾಧಾನ ಆಗಿತ್ರಿ ನನಗ."

"ಹೋದ ಗುರುವಾರ ಅಂದ್ರ ಎಂಟನೇ ದಿನ. ಅಲ್ಲಿಂದ ಮುಂದಿನ ತುಣುಕು ಸೇರಿಸೋದು ಬ್ಯಾಡ ಅಂದ್ರ ಬಿಡಬಹುದು," ಎಂದಳು ನಾಗವೇಣಿ. "ನಿಯಮದಾಗ ಅವಕಾಶ ಐತಿ."

"ಬಿಟ್ರ ನಾನ ಹೇಳಬೇಕಲ್ರಿ. ಹದಿನೈದನೇ ಸರ್ತಿ."

ಅಡುಗೆಮನೆಯ ಮೂಲೆಯಲ್ಲಿ ಕಲ್ಲಿನ ಒರಳು ಗೋಣಿ ಹೊದ್ದು ಕೂತಿತ್ತು. ಖಾನಾವಳಿಯ ಮಸಾಲಿ ಖಾರವನ್ನು ಪ್ರತಿ ಐತವಾರ ಗುರವ್ವ ಕೈಯಾರೆ ಕುಟ್ಟುತ್ತಿದ್ದಳು. ಈಗ ಒಲೆಯ ಪಕ್ಕ ಅಂಗಡಿಯಿಂದ ತಂದ ಖಾರದ ಪಾಕೀಟುಗಳಿದ್ದವು. ನಾಗವೇಣಿ ಒಂದನ್ನು ಮೂಗಿಗೆ ಹಿಡಿದಳು. ಬಾಣಲೆಯಿಂದ ಪಲ್ಯ ಬಗ್ಗಿಸುತ್ತಿದ್ದ ಹೆಂಗಸು, "ಅದು ಖಾರ ಅಲ್ರಿ ಬಾಯಾರ, ಬರೇ ಬಣ್ಣ," ಎಂದಳು.

ಮೊದಲ ವಾರಕ್ಕೂ ಎರಡನೆಯ ವಾರಕ್ಕೂ ಬೇರೆ ವಾಸನೆ. ಎರಡು ಸೋಮವಾರ, ಎರಡು ಮಂಗಳವಾರಗಳನ್ನು ಬೇರ್ಪಡಿಸಲು ಅದೇ ಸಾಕು. ನಾಗವೇಣಿ ಕಾಗದದಲ್ಲಿ ಬರೆದುಕೊಂಡಳು. ಬರೆದ ಮೇಲೆ ಅವಳ ಕೈ ನಿಂತಿತು. ಈರಣ್ಣ ಆಗಲೇ ಅವಳನ್ನು ನೋಡುತ್ತಿದ್ದ.

"ಅವ್ವಗ ತಿಳೀತದರಿ," ಎಂದ. "ಯಾರೂ ಹೇಳದಿದ್ರೂ."

*

ಮೂರು ಗಂಟೆಗೆ ಕೆಲಸ ಶುರುವಾಯಿತು. ನಾಗವೇಣಿ ತುಣುಕಿನ ಅಂಚು ಕಳಿಸುವಳು, ಕಸ್ತೂರೆವ್ವ ಮೂಗು ಅರಳಿಸಿ ಹೇಳುವರು, ನಾಗವೇಣಿ ಆ ದಿನದ ಕೆಳಗೆ ಸೇರಿಸುವಳು. ಒಂದೇ ದಿನದ ತುಣುಕುಗಳಲ್ಲಿ ಯಾವುದು ಮೊದಲೆಂಬುದೂ ಅವರಿಗೆ ಕಷ್ಟವಾಗಲಿಲ್ಲ.

"ಬದನಿಕಾಯಿ ಹುರಿಯೋದು. ಸೋಮವಾರ ಮುಂಜಾನಿ."

"ಬದನಿಕಾಯಿ, ತಣ್ಣಗಾಗೇತಿ. ಸೋಮವಾರ ಮಧ್ಯಾಹ್ನ ಮೂರರ ಮ್ಯಾಲೆ."

"ಝುಣಕ. ತಳ ಹತ್ತಿಸ್ಯಾರ. ಯಾರಿದು? ಈರಣ್ಣ, ನೀನ ಏನೋ?"

"ನಾ ಅಲ್ಲವಾ," ಎಂದ ಈರಣ್ಣ.

"ಮತ್ತ ನಾನ ಇರಬೇಕು. ಬರಕೋಬ್ಯಾಡ ತಂಗಿ ಅದನ್ನ."

ನಾಲ್ಕೂವರೆಗೆ ಚಹಾ ಬಂತು. ಐದಕ್ಕೆ ನೂರ ಮೂವತ್ತು ತುಣುಕು ಜಾಗಕ್ಕೆ ಕೂತಿದ್ದವು. ನೂರ ಮೂವತ್ತೊಂದನೆಯದಕ್ಕೆ ಕಸ್ತೂರೆವ್ವ ತಡೆದರು.

"ಇದೂ ಬದನಿಕಾಯಿ. ಖಾರ ನಮ್ಮದಲ್ಲ."

ನಾಗವೇಣಿ ಕಾದಳು.

"ಇನ್ನೊಮ್ಮೆ ಹಾಕು." ಅವರು ಮೂರು ಸಲ ಹಾಕಿಸಿಕೊಂಡರು. "ನಮ್ಮದಲ್ಲ. ಪಾಕೀಟಿಂದು. ನಮ್ಮಕ್ಕ ಪಾಕೀಟು ಮನಿಯೊಳಗ ಬಿಡಾಕಿಲ್ಲ. ಆಕಿ ಜ್ವರದಾಗೂ ಕುಟ್ಯಾಳ." ಅವರು ಮಗನ ಕಡೆ ನೋಡಲಿಲ್ಲ. "ಎರಡನೇ ಸೋಮವಾರ. ಹಾಕ್ಕೋ. ಮುಂದಿಂದು ಹಾಕು."

ಮುಂದಿನ ಹತ್ತಿಪ್ಪತ್ತು ತುಣುಕುಗಳಿಗೆ ಅವರು ಎರಡೆರಡೇ ಮಾತು ಹೇಳಿದರು. ಮಡಿಕಿಕಾಳು, ಪಾಕೀಟು. ಮೆಂತೆ, ಪಾಕೀಟು. ಪುಂಡಿ, ನಮ್ಮದು. ಡಾ. ಮುಲ್ಲಾ ಕೆಲಸ ನಿಲ್ಲಿಸಿ ನಾಳೆ ಮುಂದುವರಿಸೋಣವೇ ಎಂದು ಕೇಳಿದರು. ಕಸ್ತೂರೆವ್ವ ಕೈಯಾಡಿಸಿ ಬೇಡವೆಂದರು.

ಐದು ಗಂಟೆ ನಲವತ್ತು ನಿಮಿಷಕ್ಕೆ ನಾಗವೇಣಿ ನೂರ ಐವತ್ತಾರನೆಯ ತುಣುಕಿನ ಅಂಚನ್ನು ಕಳಿಸಿದಳು.

ಕಸ್ತೂರೆವ್ವ ಕಣ್ಣು ಮುಚ್ಚಿಕೊಂಡು ಬಹಳ ಹೊತ್ತು ಕೂತರು. "ಇದರಾಗ ಏನೂ ಇಲ್ಲ," ಎಂದರು.

"ಸಂಕೇತ ಬರಲಿಲ್ಲೇನು?"

"ಬಂದೈತಿ. ಊದಿನಕಡ್ಡಿ ವಾಸನಿ ಐತಿ, ವಿಭೂತಿ ಐತಿ. ಪಲ್ಲೆ ಇಲ್ಲ. ರೊಟ್ಟಿ ಇಲ್ಲ." ಅವರು ಕಣ್ಣು ತೆರೆದರು. "ಅವತ್ತ ಒಲಿ ಹಚ್ಚಿಲ್ಲ."

ಪಕ್ಕದ ಕೋಣೆಯ ಫ್ಯಾನು ತಿರುಗುವುದು ಕೇಳುತ್ತಿತ್ತು.

"ಅಕ್ಕ ಹೋದ್ಲು," ಎಂದರು ಕಸ್ತೂರೆವ್ವ. ಅವರು ಅದನ್ನು ಕೇಳಲಿಲ್ಲ, ಹೇಳಿದರು.

ಈರಣ್ಣ ಹೂಂ ಅಂದ.

ಕಸ್ತೂರೆವ್ವ ಸೆರಗಿನಿಂದ ಕಣ್ಣು ಒತ್ತಿಕೊಂಡರು. ಒಮ್ಮೆ ಒತ್ತಿಕೊಂಡು, ಇನ್ನೊಮ್ಮೆ ಒತ್ತಿಕೊಂಡು, ಬಳಿಕ ಸೆರಗನ್ನು ಅಲ್ಲೇ ಹಿಡಿದು ಕೂತರು. ಈರಣ್ಣ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತ. ನಾಗವೇಣಿ ಎದ್ದು ಹೋಗಬೇಕೆಂದುಕೊಂಡಳು. ಆದರೆ ತಂತಿಯ ಇನ್ನೊಂದು ತುದಿ ಅವಳ ಯಂತ್ರದಲ್ಲಿತ್ತು.

"ಅವತ್ತ ನೀ ಏನ್ ಉಂಡಿ?" ಸ್ವಲ್ಪ ಹೊತ್ತಿನ ಮೇಲೆ ಕಸ್ತೂರೆವ್ವ ಮಗನನ್ನು ಕೇಳಿದರು.

"ಬಾಜೂ ಮನಿಯವ್ರು ಅವಲಕ್ಕಿ ತಂದಿದ್ರು."

"ನಾ?"

"ನೀನೂ ಉಂಡಿ. ನಾ ಬೈದ ಮ್ಯಾಲೆ."

"ಈ ಸರ್ತಿ ನೀ ನನಗ ಹೇಳಬೇಕಾಗಲಿಲ್ಲ, ಅಲ್ಲ?"

ಈರಣ್ಣ ತಲೆ ತಗ್ಗಿಸಿದ. ಹದಿನಾಲ್ಕು ಸಲದ ಲೆಕ್ಕ ಅವನೊಬ್ಬನಿಗೇ ಗೊತ್ತಿರುವುದೆಂದು ಅವನು ತಿಳಿದಿದ್ದ. ಗುರವ್ವ ಯಾವತ್ತೋ ತಂಗಿಗೆ ಹೇಳಿರಬೇಕು.

ಕಸ್ತೂರೆವ್ವ ಅವನ ಮಂಡಿಯ ಮೇಲೆ ಕೈಯಿಟ್ಟು, ನಾಗವೇಣಿಗೆ, "ನಡುವಿನ ಗುರುವಾರದ ಪುಂಡಿ ಬಂದೇ ಇಲ್ಲ. ಎಂಟನೇ ದಿನ ಅಂತ ಬರಕೋ," ಎಂದರು. "ಮುಂದಿಂದು ಹಾಕು."

ಏಳು ಗಂಟೆಗೆ ಇನ್ನೂರ ಒಂಬತ್ತು ತುಣುಕುಗಳು ಸೂಚಿಯಲ್ಲಿ ಕೂತಿದ್ದವು. ಉಳಿದ ಮೂರು ಎಲ್ಲಿಯೂ ಕೂರಲಿಲ್ಲ. ಅವುಗಳಲ್ಲಿ ವಾಸನೆ ಇರಲಿಲ್ಲ. ಒಂದರಲ್ಲಿ ಬಿಸಿಲು. ಒಂದರಲ್ಲಿ ಯಾರೋ ನಗುವುದು. ಇನ್ನೊಂದರಲ್ಲಿ ಯಾರದೋ ಕೈ ಕಸ್ತೂರೆವ್ವನ ತಲೆ ಬಾಚುತ್ತಿತ್ತು. ಬೆನ್ನ ಹಿಂದೆ ಕೂತವರ ಮುಖ ಕಾಣುತ್ತಿರಲಿಲ್ಲ.

"ಅಕ್ಕನ ಕೈ ಇರಬೇಕು," ಎಂದರು ಅವರು. "ಆದ್ರ ಆಣಿ ಮಾಡಿ ಹೇಳಾಕ ಬರೂದಿಲ್ಲ. ಯಾವ ದಿನ ಅನ್ನೂದಂತೂ ಗೊತ್ತಿಲ್ಲ."

"ದಿನ ಗೊತ್ತಿಲ್ಲದ್ದನ್ನ ಅಳಸೋದು ರೂಢಿ," ಎಂದಳು ನಾಗವೇಣಿ. "ಸೂಚಿ ಒಳಗ ಸೇರಸಾಕ ಬರೂದಿಲ್ಲ. ಮೂಲ್ಯಾಗ ಸುಮ್ನ ಕುಂತಿರ್ತಾವು. ಬೇಕಂದಾಗ ಬರೂದಿಲ್ಲ. ಯಾವಾಗರ ತಾವ ಬರಬಹುದು."

"ಜಾಗ ಎಷ್ಟೈತಿ ಅದರಾಗ?"

"ಇನ್ನೂ ಇಪ್ಪತ್ತೇಳು ವರ್ಷಕ್ಕಾಗುವಷ್ಟು."

"ಹಂಗಾರ ಇರ್ಲಿ ಬಿಡು," ಎಂದರು ಕಸ್ತೂರೆವ್ವ.

ಮೂರು ತುಣುಕುಗಳನ್ನೂ ನಾಗವೇಣಿ ದಿನಾಂಕವಿಲ್ಲದೆ ಹೊಸ ಡಿಸ್ಕಿಗೆ ಸೇರಿಸಿದಳು. ಹಳೆಯ ಡಿಸ್ಕನ್ನು ಮರುದಿನ ಬೆಳಿಗ್ಗೆ ಹತ್ತಕ್ಕೆ, ಡಾ. ಮುಲ್ಲಾ ಎದುರಿಗೆ, ಸಂಖ್ಯೆಯನ್ನೂ ಗೂಡನ್ನೂ ಎರಡು ಸಲ ಓದಿ, ಅಳಿಸುವ ಯಂತ್ರಕ್ಕೆ ಹಾಕಿದಳು. ಮೂರು ಸುತ್ತು ಅಳಿಸಿ ಮುಗಿಯಲು ಹನ್ನೆರಡು ತಾಸು ಹಿಡಿಯಿತು. ತಪ್ಪಿನ ವರದಿಯನ್ನು ಅವಳೇ ಬರೆದಳು. ಅದು ಎರಡು ಪುಟ ಇತ್ತು. ಆ ತಿಂಗಳಿಂದ ಕೇಂದ್ರದಲ್ಲಿ ಡಿಸ್ಕುಗಳಿಗೆ ಕುಂಕುಮ ಹಚ್ಚುವುದನ್ನು ನಿಲ್ಲಿಸಿ, ಹೊಸದಕ್ಕೆ ಹಳದಿ ಪಟ್ಟಿ ಅಂಟಿಸುವ ನಿಯಮ ಬಂತು.

ಐತವಾರ ಬೆಳಿಗ್ಗೆ ಐದಕ್ಕೆ ಕಸ್ತೂರೆವ್ವ ಒರಳಿನ ಮೇಲಿನ ಗೋಣಿ ತೆಗೆದು ಖಾರ ಕುಟ್ಟಿದರು.